ಅವನೊಬ್ಬನೇ ಮಾತಾಡುವ ಗುಂಪು

ಹೋದ ತಿಂಗಳು ನಿಮ್ಮ ಅಪ್ಪ ಹೊಸ ಮನೆ ನೋಡಿಕೊಂಡು ಬರೋಣವೆಂದು ನಮ್ಮೆಲ್ಲರನ್ನೂ ಶಂಶಾಬಾದಿಗೆ ಕರೆದುಕೊಂಡು ಹೋಗಿದ್ದನಲ್ಲ, ಆಗ ಹೆದ್ದಾರಿಯ ಬದಿಯಲ್ಲಿ ದನದ ಮೇವಿನ ಅಂಗಡಿಯ ಮುಂದೆ ಕಾರು ಸ್ವಲ್ಪ ಹೊತ್ತು ನಿಂತಿತು. ಅಂಗಡಿಯ ಹೊರಗೆ ತೌಡಿನ ಚೀಲಗಳು ತೊಯ್ದು ಬಿದ್ದಿದ್ದವು. ಹುಳಿಯಾದ, ಬೆಚ್ಚಗಿನ ಆ ವಾಸನೆ ಕಿಟಕಿಯಿಂದ ಒಳಗೆ ಬಂತು. ನಾನು ಗಾಜು ಏರಿಸಲು ಹೋದೆ. ಗುಂಡಿ ಯಾವುದೆಂದು ತಿಳಿಯಲಿಲ್ಲ. ಅಕ್ಷತಾ, ನೀನು ನನ್ನ ಮುಖ ನೋಡಿ, "ಆಯಿ, ವಾಂತಿ ಬರಾಕತ್ತೈತೇನು?" ಎಂದು ಕೇಳಿದೆ. ನಾನು ಹೂಂ ಅಂದೆ. ವಾಂತಿಯಲ್ಲ ಅದು.

ಸಿದ್ದು, ನೀನೂ ಹಿಂದೊಮ್ಮೆ ಕೇಳಿದ್ದೆ: ಆಯಿಗೆ ಒಬ್ಬ ತಮ್ಮ ಇದ್ದಾನಂತೆ, ಹೈದರಾಬಾದಿನಲ್ಲೇ ಇದ್ದಾನಂತೆ, ಮತ್ತೆ ಹಬ್ಬಕ್ಕೂ ಯಾಕೆ ಬರುವುದಿಲ್ಲ ಎಂದು. ನಿನ್ನ ಅವ್ವ ಮಾತು ಮರೆಸಿದಳು. ನನಗೆ ಎದುರು ಕೂತು ಹೇಳಲು ಬರುವುದಿಲ್ಲ. ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ. ಈಗಲೂ ಹಾಗೆಯೇ ಬರೆದು ತೋರಿಸುತ್ತಿದ್ದೇನೆ. ನೀವಿನ್ನೂ ಚಿಕ್ಕವರು, ಕನ್ನಡ ಓದಲು ಕಲಿಯಬೇಕು. ತಡವಾದರೂ ನೀವೇ ಓದಿ.

ಇದು ಬಹಳ ಹಿಂದಿನ ಮಾತೇನೂ ಅಲ್ಲ. ಸಿದ್ದು ಇನ್ನೂ ತೊದಲುತ್ತಿದ್ದ, ಅಕ್ಷತಾ ಹೊಟ್ಟೆಯಲ್ಲಿದ್ದಳು; ನಿಮ್ಮ ಅವ್ವ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು. ನಿಮ್ಮ ಮುತ್ಯಾ, ನನ್ನ ಗಂಡ, ತೀರಿಕೊಂಡು ಎರಡು ಮಳೆಗಾಲ ಕಳೆದಿತ್ತು. ಆಗ ನಾವಿದ್ದದ್ದು ಶಂಶಾಬಾದಿನ ಈಚೆಗೆ, ಹೆದ್ದಾರಿಯಿಂದ ಕೂಗಳತೆಯಲ್ಲಿ, ತಗಡಿನ ಮಾಡಿನ ಸಾಲು ಕೋಣೆಗಳಲ್ಲಿ. ಯಾದಗಿರಿ, ಸೇಡಂ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ನಮ್ಮವರೇ ಎಲ್ಲ ಕೋಣೆಗಳಲ್ಲೂ. ನಿಮ್ಮ ಅಪ್ಪ ವಿಮಾನ ನಿಲ್ದಾಣಕ್ಕೆ ಕಾರು ಓಡಿಸಲು ಹೋದರೆ ಮರುದಿನವೇ ಬರುವುದು. ನಾನು ಜೋಳದ ರೊಟ್ಟಿ ಬಡಿದು, ಹೆಂಡಿರಿಲ್ಲದೆ ಬಂದಿದ್ದ ಹುಡುಗರಿಗೆ ಬುತ್ತಿ ಕಟ್ಟುತ್ತಿದ್ದೆ. ಸಾಲಿನ ಎದುರಿಗೆ ರಸ್ತೆಯಾಚೆ ಎತ್ತರದ ಹೊಸ ಫ್ಲಾಟುಗಳು ಎದ್ದಿದ್ದವು. ಅವನ್ನು ಕಟ್ಟಿದವರೂ ನಮ್ಮವರೇ. ಕಟ್ಟಿ ಮುಗಿದ ಮೇಲೆ ಒಳಗೆ ಹೋದವರಲ್ಲ.

ನನ್ನ ತಮ್ಮ ಶರಣಪ್ಪ ಆ ಸಾಲಿಗೆಲ್ಲ ಮೇಸ್ತ್ರಿ. ಕೆಲಸ ಹಿಡಿದುಕೊಡುವವನು ಅವನೇ, ಜಗಳ ಬಿಡಿಸುವವನು ಅವನೇ. ಅವನ ಬಗ್ಗೆ ನಾನು ಮುಂದೆ ಬರೆಯುವುದನ್ನು ಓದುವ ಮೊದಲು ಇದನ್ನು ಓದಿಕೊಳ್ಳಿ: ಅವನು ಒಳ್ಳೆಯವನು. ಕೊರೋನಾ ವರ್ಷ ಎಲ್ಲ ಬಾಗಿಲುಗಳೂ ಮುಚ್ಚಿದಾಗ, ಅವನು ಫೋನಿನಲ್ಲಿ 'ನಮ್ಮ ಮಂದಿ' ಎಂದು ಒಂದು ಗುಂಪು ಮಾಡಿದ. ಎಲ್ಲಿ ಅಕ್ಕಿ ಕೊಡುತ್ತಾರೆ, ಯಾವ ಲಾರಿ ಊರ ಕಡೆ ಹೋಗುತ್ತದೆ, ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಇದೆ, ಎಲ್ಲವನ್ನೂ ಅದರಲ್ಲಿ ಬಾಯಿಂದ ಹೇಳಿ ಕಳಿಸುತ್ತಿದ್ದ. ಓದಲು ಬಾರದವರೇ ಹೆಚ್ಚು. ಹಾಗಾಗಿ ಅವನ ದನಿಯೇ ಬೇಕಿತ್ತು. ಎಲ್ಲರೂ ಅದರಲ್ಲಿ ಏನೇನೋ ತುಂಬಿಸತೊಡಗಿದಾಗ ಅವನು ಒಂದು ಏರ್ಪಾಡು ಮಾಡಿದ: ಗುಂಪಿನಲ್ಲಿ ಅವನೊಬ್ಬನೇ ಮಾತಾಡಬಹುದು, ಉಳಿದವರು ಕೇಳಬಹುದು, ಅಷ್ಟೆ. ಆಗ ಅದು ಸರಿಯೇ ಅನಿಸಿತ್ತು. ನಿಮ್ಮ ಮುತ್ಯಾ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದಾಗ ಯಾರೂ ಹತ್ತಿರ ಬರಲಿಲ್ಲ. ಶರಣಪ್ಪ ಬಂದ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹೆಗಲು ಕೊಟ್ಟ. ಅದನ್ನು ನಾನು ಮರೆತಿಲ್ಲ.

ಕಾಯಿಲೆ ಹೋಯಿತು, ಗುಂಪು ಉಳಿಯಿತು, ಬೆಳೆಯಿತು. ಆಟೋದವರು, ಅಂಗಡಿಯವರು, ಆಚೀಚೆ ಬಸ್ತಿಯ ತೆಲುಗಿನವರು ಕೂಡ ಸೇರಿದರು. ಶರಣಪ್ಪ ಎರಡೂ ಮಾತಿನಲ್ಲಿ ಹೇಳತೊಡಗಿದ. ಬೆಳಗ್ಗೆ ನಾನು ಒಲೆಯ ಮುಂದೆ ಕೂತಾಗ ಅಕ್ಕಪಕ್ಕದ ಕೋಣೆಗಳಿಂದ ಒಂದಾದ ಮೇಲೊಂದು ಅವನ ದನಿ ಕೇಳುತ್ತಿತ್ತು: "ಎಲ್ಲಾರಿಗೂ ಶರಣ್ರಿ. ಇವತ್ತ ನೀರಿನ ಟ್ಯಾಂಕರ್ ತಡಾ ಐತಿ." ಕೇಳಿದ ಹೆಂಗಸರು ಕೊಡ ಕೆಳಗಿಡುತ್ತಿದ್ದರು. ಅವನು ಹೇಳಿದ್ದು ತಪ್ಪಿದ್ದೇ ಇಲ್ಲ. ಒಂದು ಪಕ್ಷದವರು ಅವನನ್ನು ಮೆರವಣಿಗೆಯಲ್ಲಿ ಮುಂದೆ ನಿಲ್ಲಿಸತೊಡಗಿದರು. ನಮ್ಮ ಪಕ್ಕದ ಕೋಣೆಯ ಈರಮ್ಮನ ಬಾಯಿ ಸುಮ್ಮನಿರುವುದಿಲ್ಲ; ಅವಳು ಒಂದು ದಿನ, "ಮೇಸ್ತ್ರಿ, ಕೆಮ್ಮಿದ್ರೂ ಗ್ರೂಪಿನ್ಯಾಗ ಹಾಕ್ರಿ, ನಾವೂ ಸೇರಿ ಕೆಮ್ತೀವಿ" ಅಂದಳು. ಎಲ್ಲರೂ ನಕ್ಕರು. ಶರಣಪ್ಪನೂ ನಕ್ಕ. ಆದರೆ ಅವನ ನಗು ಸ್ವಲ್ಪ ಹೊತ್ತು ಹೆಚ್ಚೇ ನಿಂತಿತು. ಅವನಿಗೆ ಆ ಮಾತು ಹಿಡಿಸಿತ್ತು.

ಆ ವರ್ಷ ಮಳೆ ಬೇಗ ಹಿಡಿಯಿತು. ಸಾಲಿನ ಕೊನೆಯ ಕೋಣೆಯ ದೇವಮ್ಮನಿಗೆ ಗಂಡು ಕೂಸು ಹುಟ್ಟಿತು. ಮೊದಲಿನ ಎರಡು ಕೂಸುಗಳು ಅವಳಿಗೆ ದಕ್ಕಿರಲಿಲ್ಲ. ಒಂದು ಹುಟ್ಟಿದ ದಿನವೇ ಹೋಯಿತು, ಇನ್ನೊಂದು ಮೊಲೆ ಕಚ್ಚುವುದನ್ನು ಕಲಿತ ಮೇಲೆ. ಈ ಕೂಸಿಗೆ ಅವಳು ಹೆಸರೇ ಇಟ್ಟಿರಲಿಲ್ಲ. ಮುಖ ನೋಡಿ ಮುದ್ದಿಸುತ್ತಲೂ ಇರಲಿಲ್ಲ. ಊರಿಂದ ಅವಳ ಅತ್ತೆ ಫೋನಿನಲ್ಲಿ ಹೇಳುತ್ತಲೇ ಇದ್ದಳು: "ಕೂಸಿನ್ನ ಕೊಟ್ಟು ತಗೋ, ಇಲ್ಲಾಂದ್ರ ಇದೂ ನಿಂದಲ್ಲ."

ಕೊಟ್ಟು ತೆಗೆದುಕೊಳ್ಳುವುದೆಂದರೆ ಏನೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಮಕ್ಕಳು ದಕ್ಕದ ಮನೆಯವರು ಹೊಸ ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಡುತ್ತಾರೆ. ನಮಗೆ ಬೇಡವಾದದ್ದು ಎಂಬಂತೆ. ಮನೆಗೆ ಸಂಬಂಧಪಡದ ಹೆಂಗಸೊಬ್ಬಳು ಅದನ್ನು ಎತ್ತಿಕೊಂಡು ಎಲ್ಲೆ ದಾಟಿ ಹೋಗಿ ಕೂರುತ್ತಾಳೆ. ಅವಳು ಹೋಗುವಾಗ ಮನೆಯವರಾಗಲಿ ಓಣಿಯವರಾಗಲಿ ನೋಡಬಾರದು, ಬಾಗಿಲು ಹಾಕಿಕೊಳ್ಳಬೇಕು. ಆಮೇಲೆ ತಾಯಿ ಹೋಗಿ ಯಾರದೀ ಕೂಸು ಎಂದು ಕೇಳಬೇಕು. ಅವಳು ನಂದು ಅನ್ನಬೇಕು. ಒಂದು ಮೊರ ತೌಡು ಕೊಟ್ಟು ಕೊಂಡು ತರಬೇಕು. ಆಗ ಆ ಕೂಸು ಬೇರೆಯವರ ಕೂಸಾಗುತ್ತದೆ, ಸಾವು ಈ ಮನೆಯ ಲೆಕ್ಕ ಹಿಡಿದು ಬಂದರೆ ಸಿಗುವುದಿಲ್ಲ. ನಮ್ಮಲ್ಲಿ ತಿಪ್ಪಣ್ಣ, ತಿಪ್ಪವ್ವ ಎಂಬ ಹೆಸರಿನವರು ಇದ್ದಾರಲ್ಲ, ಹೆಚ್ಚಿನವರು ಹೀಗೆ ಬದುಕಿದವರು.

ದೇವಮ್ಮ ನನ್ನ ಹತ್ತಿರ ಬಂದು ಅತ್ತಳು. "ದೊಡ್ಡವ್ವಾ, ಈ ಊರಾಗ ಯಾರ ಕೈಯಾಗ ಕೊಡ್ಲಿ? ಇಲ್ಲಿ ಎಲ್ಲಾರೂ ನಮ್ಮವರ ಅದಾರ."

ನನಗೆ ಬಾಲಮ್ಮನ ನೆನಪಾಯಿತು. ಬಾಲಮ್ಮ ವಾರಕ್ಕೊಮ್ಮೆ ಬಸ್ಸಿಳಿದು ನಮ್ಮ ಸಾಲಿಗೆ ಬರುವ ಮುದುಕಿ. ಬಾಚಿದಾಗ ಉದುರಿದ ಕೂದಲು ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡುತ್ತಿದ್ದಳು. ಹೆಗಲ ಮೇಲೆ ಕೂದಲಿನ ದೊಡ್ಡ ಚೀಲ, ತಲೆಯ ಮೇಲೆ ಪಾತ್ರೆಗಳ ಬುಟ್ಟಿ. ತೆಲುಗು, ಕನ್ನಡ, ಹಿಂದಿ ಎಲ್ಲವನ್ನೂ ಕಲಸಿ ಮಾತಾಡುವಳು. ನನ್ನ ಕೂದಲಿನ ಉಂಡೆಯನ್ನು ಕೈಯಲ್ಲಿ ತೂಗಿ ನೋಡಿ, "ನಾಗಮ್ಮಾ, ಇದು ಕೂದಲ್ ಕಾದು, ಬೆಳ್ಳಿ ತಂತಿ. ಇದಕ್ಕೆ ಚಮ್ಚಾ ಬೀ ರಾದು" ಎಂದು, ನರೆತ ಕೂದಲಿಗೆ ಒಂದು ಚಮಚವೂ ಬರದೆಂದು ನಗಿಸುತ್ತಿದ್ದಳು. ಆಮೇಲೆ ಒಂದು ಬಟ್ಟಲು ಕೊಟ್ಟೇ ಹೋಗುತ್ತಿದ್ದಳು. ನಾನು ಯಾರೊಂದಿಗೂ ಹೆಚ್ಚು ಮಾತಾಡದವಳು, ಅವಳೊಂದಿಗೆ ಮಾತಾಡುತ್ತಿದ್ದೆ.

ಅವಳು ಬಂದಾಗ ದೇವಮ್ಮನೇ ಕೇಳಿದಳು. ಬಾಲಮ್ಮನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಮಾ ಕಡೆ ಬೀ ಉಂದಿ ಅಮ್ಮಾ. ಪೆಂಟಯ್ಯ ಅಂಟಾಮು," ಅಂದಳು. ಅವರ ಕಡೆಯೂ ಈ ಪದ್ಧತಿ ಇದೆ, ತಿಪ್ಪೆಗೆ ಅವರು ಪೆಂಟ ಅನ್ನುತ್ತಾರೆ. ಕೂಸಿನ ಕಾಲು ಮುಟ್ಟಿ ನೋಡಿದಳು. "ತೌಡು ಮಂಚಿದಿ ತೇವಾಲಿ. ಹುಳಾ ಬಿದ್ದದ್ದು ಕೊಟ್ಟರೆ ನಾ ಬಿಡ್ಡ ನೇನು ಇಯ್ಯನು" ಎಂದು ಹೆದರಿಸಿದಳು. ಒಳ್ಳೆಯ ತೌಡು ತರಬೇಕು, ಹುಳ ಬಿದ್ದ ತೌಡಿಗೆ ನನ್ನ ಕೂಸನ್ನು ಕೊಡುವುದಿಲ್ಲ ಅಂದದ್ದು. ದೇವಮ್ಮ ತನ್ನ ಕೂಸನ್ನು ನೋಡಿ ನಕ್ಕದ್ದನ್ನು ನಾನು ಮೊದಲ ಸಲ ಕಂಡದ್ದು ಆವತ್ತೇ.

ಮುಂದಿನ ಮಂಗಳವಾರ ಮಧ್ಯಾಹ್ನ. ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಶರಣಪ್ಪ ಬೇಗಂಪೇಟೆಯಲ್ಲಿ ಒಂದು ದೊಡ್ಡ ಕಟ್ಟಡದ ಮೇಲಿದ್ದ. ಮಳೆ ನಿಂತು ಬಿಸಿಲು ಬಿದ್ದಿತ್ತು. ಸಾಲಿನ ಹಿಂದೆ ಕಸ ಸುರಿಯುವ ಗುಡ್ಡೆಯೇ ನಮ್ಮ ತಿಪ್ಪೆ. ದೇವಮ್ಮ ಮೊರವನ್ನು ಅಲ್ಲಿಟ್ಟು, ಹಿಂದೆ ನೋಡದೆ ಓಡಿಬಂದು ನನ್ನ ಕೋಣೆಗೆ ಸೇರಿದಳು. ಹೆಂಗಸರೆಲ್ಲ ಬಾಗಿಲು ಹಾಕಿಕೊಂಡೆವು. ಕತ್ತಲೆಯಲ್ಲಿ ನಾವಿಬ್ಬರೂ ಗೋಡೆಗೆ ಒರಗಿ ಕೂತೆವು. ತೌಡಿನ ಮೊರ ನನ್ನ ಮಡಿಲಲ್ಲಿತ್ತು. ಹೊರಗೆ ಕೂಸು ಅತ್ತಿತು, ಆಮೇಲೆ ಅಳು ದೂರವಾಯಿತು. ದೇವಮ್ಮ ಎದೆ ಹಿಡಿದುಕೊಂಡು, "ಹಾಲು ಬರಾಕತ್ತಾವು ದೊಡ್ಡವ್ವಾ" ಅಂದಳು.

ಆ ಹೊತ್ತಿಗೆ ಎದುರಿನ ಫ್ಲಾಟಿನ ಮೇಲಿಂದ ಯಾರೋ ಅದನ್ನು ಫೋನಿನಲ್ಲಿ ಹಿಡಿದಿದ್ದರು. ಮುದುಕಿಯೊಬ್ಬಳು ಆಚೀಚೆ ನೋಡಿ ಕಸದ ಗುಡ್ಡೆಯಿಂದ ಕೂಸನ್ನು ಎತ್ತಿ, ಬೇಗ ಬೇಗ ರಸ್ತೆ ದಾಟುವುದು. ಹೆಗಲಲ್ಲಿ ಚೀಲ. ಅಷ್ಟೇ ಇತ್ತಂತೆ ಅದರಲ್ಲಿ. ಅದು ಒಬ್ಬರಿಂದೊಬ್ಬರಿಗೆ ಹೋಗಿ, ಒಬ್ಬ ಆಟೋದವನು ಶರಣಪ್ಪನಿಗೆ ಕಳಿಸಿ, ನಿಮ್ಮವರ ಕೂಸೇನು ನೋಡಿ ಎಂದು ಕೇಳಿದ. ಶರಣಪ್ಪನಿಗೆ ನಮ್ಮ ಸಾಲಿನ ಗೋಡೆ ಗುರುತು ಸಿಕ್ಕಿತು. ಅವನಿಗೆ ಗಾಬರಿಯಾಗಿರಬೇಕು. ಅದು ಸುಳ್ಳಲ್ಲ. ಆದರೆ ಅವನ ಅಕ್ಕ ಅದೇ ಗೋಡೆಯ ಹಿಂದೆ ಕೂತಿದ್ದಳು. ನನಗೆ ಫೋನ್ ಮಾಡಿ ಏನಕ್ಕಾ ಇದು ಎಂದು ಕೇಳಲು ಹಿಡಿಯುವ ಹೊತ್ತೂ, ಅವನು ಗುಂಪಿಗೆ ಆ ಮಾತು ಹೇಳಲು ಹಿಡಿದ ಹೊತ್ತೂ ಒಂದೇ.

ಈರಮ್ಮನ ಕೋಣೆಯಿಂದ ಅವನ ದನಿ ಕೇಳಿತು. ತಗಡಿನ ಗೋಡೆಯಾದ್ದರಿಂದ ಪ್ರತಿ ಮಾತೂ ಸ್ಪಷ್ಟವಾಗಿತ್ತು. "ನಮ್ಮ ಸಾಲಿನ ಕೂಸು ಕದ್ದು ಒಯ್ಯಾಕತ್ತಾರ. ಮುದುಕಿ, ಹೆಗಲ ಮ್ಯಾಲ ಚೀಲ ಐತಿ. ಯಾರ್ ಅದೀರಿ ಅಲ್ಲಿ, ಹಿಡೀರಿ. ಬಿಡಬ್ಯಾಡ್ರಿ." ಅದನ್ನೇ ಮತ್ತೆ ತೆಲುಗಿನಲ್ಲೂ ಹೇಳಿದ್ದ.

ನಾನು ಕೂಡಲೇ ಅವನಿಗೆ ಫೋನ್ ಮಾಡಿದೆ. ಗುಂಪಿನಲ್ಲಿ ನಾನು ಹೇಳುವಂತಿರಲಿಲ್ಲ; ಯಾರೂ ಹೇಳುವಂತಿರಲಿಲ್ಲ.

"ತಮ್ಮಾ, ಅದು ಕಳವಲ್ಲೋ. ದೇವಮ್ಮನ ಕೂಸು. ಕೊಟ್ಟು ತಗೊಳ್ಳಾಕತ್ತೀವಿ. ಆಕಿ ಬಾಲಮ್ಮ!"

ಅವನು ಉಸಿರು ಎಳೆದುಕೊಂಡದ್ದು ಕೇಳಿತು. "ಅಯ್ಯ ನಿಮ್ಮ... ಹೇಳಬಾರದೇನ್ ಅಕ್ಕಾ ಮೊದಲ?"

"ಈಗ ಹೇಳಾಕತ್ತೀನಲ್ಲ. ನೀ ಅವರಿಗೆ ಹೇಳು, ಲಗೂನ."

"ಆತು, ಆತು. ನಾ ನೋಡ್ತೀನಿ."

ನಾನು ಬಾಗಿಲು ತೆಗೆದೆ. ದೇವಮ್ಮ ನೋಡಬಾರದು ಎಂದು ಕೂಗಿದಳು, ಕೂಗುತ್ತಲೇ ನನ್ನ ಹಿಂದೆ ಓಡಿಬಂದಳು. ಹೆದ್ದಾರಿಯ ಬಸ್ಸು ನಿಲ್ಲುವ ಕಟ್ಟೆಯ ಹತ್ತಿರ ಜನ ಗುಂಪುಗೂಡಿದ್ದರು. ಮುಂದೆ ನಡೆದದ್ದರಲ್ಲಿ ಅರ್ಧ ನಾನು ಕಂಡದ್ದು, ಅರ್ಧ ಆಮೇಲೆ ಕೇಳಿದ್ದು. ಹುಡುಗರು ಬಾಲಮ್ಮನನ್ನು ಸುತ್ತುವರಿದು, ಎವರಿ ಬಿಡ್ಡ, ಯಾರ ಕೂಸು ಎಂದು ಕೇಳಿದ್ದಾರೆ. ಅವಳು "ನಾದೇ" ಅಂದಿದ್ದಾಳೆ. ನನ್ನದೇ. ತಲೆ ನೆರೆತ ಮುದುಕಿ, ಮಡಿಲಲ್ಲಿ ಹಸುಗೂಸು. ಮತ್ತೆ ಕೇಳಿದ್ದಾರೆ, ಮತ್ತೆ ಅದನ್ನೇ ಅಂದಿದ್ದಾಳೆ. ಹೊಡೆತ ಬಿದ್ದ ಮೇಲೂ ಅದನ್ನೇ. ತೌಡು ಬರುವವರೆಗೆ ಅವಳು ಬೇರೆ ಏನನ್ನಾದರೂ ಅಂದಿದ್ದರೆ ಕೂಸಿಗೆ ಕೇಡು. ಅವಳು ಮಾತು ಕೊಟ್ಟಿದ್ದಳು.

ನಾನು ತಲುಪಿದಾಗ ಅವಳು ಕೂಸಿನ ಮೇಲೆ ಬಗ್ಗಿ ಗುಬ್ಬಿಯಷ್ಟಾಗಿದ್ದಳು. ಕೂಸನ್ನು ಬಿಡುತ್ತಿಲ್ಲವೆಂದು ಬೆನ್ನಿಗೆ ಹೊಡೆಯುತ್ತಿದ್ದರು. ಚೀಲ ಹರಿದು ಕೂದಲೆಲ್ಲ ಕೆಸರಿನಲ್ಲಿ ಬಿದ್ದಿತ್ತು. ಆ ಕೂದಲನ್ನು ತೋರಿಸಿ ಒಬ್ಬ, ಇವಳು ಮಕ್ಕಳನ್ನು ಏನು ಮಾಡುತ್ತಾಳೋ ನೋಡಿ ಎಂದು ಅರಚುತ್ತಿದ್ದ. "ಬಿಡ್ರಿ, ಬಿಡ್ರಿ" ಎಂದು ನಾನು ಕಿರುಚಿದೆ. ನನ್ನ ದನಿಯನ್ನು ಯಾರು ಕೇಳಿದ್ದಾರೆ? ನನ್ನ ಕೈಯ ರೊಟ್ಟಿ ತಿನ್ನುವ ಹುಡುಗರಿಬ್ಬರು ಅಲ್ಲಿದ್ದರು. ಅವರಲ್ಲೊಬ್ಬನ ತೋಳು ಹಿಡಿದೆ. "ಅದು ದೇವಮ್ಮನ ಶಾಸ್ತ್ರೋ! ಮೇಸ್ತ್ರಿಗೆ ಹೇಳೀನಿ, ಫೋನ್ ನೋಡು!"

ಅವನು ಫೋನ್ ನೋಡಿದ. ನನಗೂ ತೋರಿಸಿದ. ಶರಣಪ್ಪನ ಹೊಸ ಮಾತು ಅಲ್ಲಿರಲಿಲ್ಲ. ಹಳೆಯ ಮಾತೂ ಇರಲಿಲ್ಲ. ಅದನ್ನು ಅಳಿಸಲಾಗಿದೆ ಎಂಬ ಒಂದು ಸಾಲು ಮಾತ್ರ ಇತ್ತು.

"ಅಳಿಸ್ಯಾರ," ಎಂದು ಆ ಹುಡುಗ ಉಳಿದವರಿಗೆ ಕೂಗಿ ಹೇಳಿದ. "ಪೊಲೀಸ್ರು ಮೇಸ್ತ್ರಿ ಕೈಲೆ ಅಳಿಸಿಸ್ಯಾರ. ಇದರಾಗ ದೊಡ್ಡವರು ಅದಾರಲೇ!"

ಮತ್ತೆ ಹೊಡೆದರು.

ಪೊಲೀಸರು ಬಂದು ಜನರನ್ನು ಚದುರಿಸಿದಾಗ ಅವಳ ತೋಳುಗಳನ್ನು ಬಿಡಿಸಿ ಕೂಸನ್ನು ತೆಗೆಯಬೇಕಾಯಿತು. ಕೂಸಿಗೆ ಒಂದು ಗೀರೂ ಆಗಿರಲಿಲ್ಲ. ಬಾಲಮ್ಮ ದೊಡ್ಡಾಸ್ಪತ್ರೆಯಲ್ಲಿ ಆ ವಾರ ದಾಟಲಿಲ್ಲ.

ಮಳೆ ಬಿಡದೆ ಸುರಿಯಿತು. ಪೊಲೀಸರು ದಿನವೂ ಬರುತ್ತಿದ್ದರು. ಫ್ಲಾಟಿನವರು ಕೊಟ್ಟ ಇನ್ನೊಂದು ಚಿತ್ರದಲ್ಲಿ ಮುಖ ಕಂಡವರನ್ನೆಲ್ಲ ಹಿಡಿದರು. ಆ ಇಬ್ಬರು ಹುಡುಗರನ್ನೂ ಒಯ್ದರು. ದನಿಗೆ ಮುಖವಿಲ್ಲವಲ್ಲ. ಶರಣಪ್ಪ ಠಾಣೆಗೆ ಹೋಗಿ ಹುಡುಗರ ಪರ ಮಾತಾಡಿದ, ವಕೀಲರನ್ನು ಹುಡುಕಿದ, ಅವರ ಊರಿಗೆ ಫೋನ್ ಮಾಡಿ ತಾಯಂದಿರಿಗೆ ಧೈರ್ಯ ಹೇಳಿದ. ಸಾಲಿನವರು, ಮೇಸ್ತ್ರಿ ಇಲ್ಲದಿದ್ದರೆ ನಮ್ಮ ಗತಿ ಏನು ಅಂದರು. ನಾನು ಅವನಿಗೆ ಊಟಕ್ಕೆ ಬಡಿಸಿ, ಅವನು ತಿನ್ನುವಾಗ ಕೇಳಿದೆ.

"ನೀ ಯಾಕ ಹೇಳಲಿಲ್ಲ?"

"ತಗದು ಹಾಕಿದ್ನಲ್ಲ ಅಕ್ಕಾ. ನೀ ಫೋನ್ ಮಾಡಿದ ಕೂಡ್ಲೆ ತಗದ್ನಿ. ಮತ್ತೇನ್ ಮಾಡಬೇಕಿತ್ತು?"

"ಬಿಡ್ರಿ ಆಕಿನ್ನ, ನಾ ತಪ್ಪು ಹೇಳೀನಿ ಅನ್ನಬೇಕಿತ್ತು. ಅಷ್ಟ."

ಅವನು ತುತ್ತು ಕೈಯಲ್ಲೇ ಹಿಡಿದ. "ಅಷ್ಟ ಅಂತಿ. ಎಷ್ಟು ಮಂದಿ ಅದಾರ ಗೊತ್ತೇನ್ ಅದರಾಗ? ಒಮ್ಮೆ ಮೇಸ್ತ್ರಿ ಸುಳ್ಳು ಹೇಳ್ಯಾನ ಅಂತ ಆದ್ರ, ನಾಳಿ ನನ್ನ ಮಾತ ಯಾರ ಕೇಳ್ತಾರ? ನಾಳಿ ಮತ್ತ ಒಂದ ರೋಗ ಬಂದ್ರ, ಇವರಿಗೆ ಯಾರ ಗತಿ?"

ಅವನು ಅದನ್ನು ನಂಬಿದ್ದ. ನನಗೆ ಮೋಸ ಮಾಡಲು ಹೇಳಿದ್ದಲ್ಲ. ನನಗೆ ಭಯವಾದದ್ದು ಅದಕ್ಕೇ.

ದೇವಮ್ಮ ಕೂಸಿಗೆ ಹಾಲು ಕೊಡುತ್ತಿದ್ದಳು, ಆದರೆ ಒಳಗೆ ತೆಗೆದುಕೊಂಡಿರಲಿಲ್ಲ. ಹೊಸ್ತಿಲ ಹೊರಗೆ ಕೂತೇ ಕೊಡುತ್ತಿದ್ದಳು. ತೌಡು ಕೊಟ್ಟಿರಲಿಲ್ಲವಲ್ಲ. ಅವಳ ಲೆಕ್ಕದಲ್ಲಿ ಅದು ಇನ್ನೂ ಬಾಲಮ್ಮನ ಕೂಸು. ಕೊನೆಗೆ ನಾವಿಬ್ಬರೂ ಕೂಸನ್ನೂ ತೌಡಿನ ಗಂಟನ್ನೂ ತೆಗೆದುಕೊಂಡು, ಬಸ್ಸಿನಲ್ಲಿ ಕೇಳುತ್ತ ಕೇಳುತ್ತ ಬಾಲಮ್ಮನ ಗುಡಿಸಲಿಗೆ ಹೋದೆವು. ಅಲ್ಲಿ ಅವಳ ಮಗಳು ಸುಜಾತ ಇದ್ದಳು. ಬಸ್ ನಿಲ್ದಾಣದಲ್ಲಿ ಕಸ ಗುಡಿಸುವವಳು, ಇನ್ನೂ ಸಮವಸ್ತ್ರದಲ್ಲೇ ಇದ್ದಳು. ನಾವು ಯಾರೆಂದು ತಿಳಿದಾಗ ಅವಳು ಬಯ್ಯಲಿಲ್ಲ. ದೇವಮ್ಮ ತೌಡಿನ ಗಂಟನ್ನು ಅವಳ ಕಾಲ ಬಳಿ ಇಟ್ಟು ಕೈ ಮುಗಿದಳು.

ಸುಜಾತ ಕೂಸನ್ನು ನೋಡಿದಳು. ಆಮೇಲೆ ಗಂಟನ್ನು ಎರಡೂ ಕೈಯಿಂದ ಎತ್ತಿ ಒಳಗೆ ಇಟ್ಟುಬಂದಳು. ದೇವಮ್ಮ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಕೂಸು ಅವಳದಾಯಿತು.

ಆದರೆ ಸುಜಾತ ತನ್ನ ಫೋನ್ ತೆಗೆದು ನಮ್ಮ ಮುಂದೆ ಹಿಡಿದಳು. ಗುಂಪಿನಿಂದ ಅಳಿಸಿದ್ದು ಅಲ್ಲಿಂದ ಮಾತ್ರ ಅಳಿದಿತ್ತು. ಅಷ್ಟರಲ್ಲಿ ಎಷ್ಟೋ ಜನ ಅದನ್ನು ಮುಂದಕ್ಕೆ ಕಳಿಸಿದ್ದರು. ಶರಣಪ್ಪನ ದನಿ ಆ ಗುಡಿಸಲಿನಲ್ಲಿ ಕೇಳಿತು. ಹಿಡೀರಿ. ಬಿಡಬ್ಯಾಡ್ರಿ.

"ಇದಿ ಎವರಿ ಗೊಂತು?" ಎಂದು ಕೇಳಿದಳು. ಇದು ಯಾರ ದನಿ?

ದೇವಮ್ಮ ನನ್ನ ಮುಖ ನೋಡಿದಳು. ಮೇಸ್ತ್ರಿ ನನ್ನ ತಮ್ಮ. ಅವಳು ನನ್ನೆದುರು ಹೇಗೆ ಹೇಳಿಯಾಳು? ನಾನು ಬಾಯಿ ತೆರೆದೆ. ಮತ್ತೆ ಮುಚ್ಚಿ ಕೂಸಿನ ಬಟ್ಟೆ ಸರಿಮಾಡಿದೆ. ಕೂಸು ಅಳತೊಡಗಿತು, ನಾವು ಎದ್ದು ಬಂದೆವು.

ಎರಡು ದಿನ ಬಿಟ್ಟು ಸಂಜೆ ಸುಜಾತ ನಮ್ಮ ಸಾಲಿಗೆ ಬಂದಳು. ಒಬ್ಬಳೇ. ಗಂಡಸರು ಕೆಲಸದಿಂದ ಬಂದು ಕಟ್ಟೆಗಳ ಮೇಲೆ ಕೂತಿದ್ದರು. ಮಳೆ ಹನಿಯುತ್ತಿತ್ತು. ಅವಳು ಮೊದಲ ಕೋಣೆಯಿಂದ ಶುರುಮಾಡಿದಳು. ಬಾಗಿಲಲ್ಲಿ ನಿಂತು ಫೋನ್ ಹಿಡಿದು ಆ ಮಾತನ್ನು ಕೇಳಿಸುವುದು, ಇದು ಯಾರ ದನಿ ಎಂದು ಕೇಳುವುದು. ಆ ದನಿಯನ್ನು ಬೆಳಗಿನ ಕೋಳಿಗಿಂತ ಮುಂಚೆ ಕೇಳುವ ಜನ ನಾವು. ಮೊದಲ ಮನೆಯವರು ಗೊತ್ತಿಲ್ಲ ಅಂದರು. ಎರಡನೆಯವರು ತಲೆ ಅಲ್ಲಾಡಿಸಿದರು. ಯಾವತ್ತೂ ಬಾಯಿ ಮುಚ್ಚದ ಈರಮ್ಮ, "ಯಾರದೋ ಏನೋ ಯವ್ವಾ, ಫೋನಿನ್ಯಾಗ ಎಲ್ಲಾರ ದನಿ ಒಂದ ಥರಾ ಕೇಳ್ತದ" ಎಂದು ಒಳಗೆ ಹೋದಳು. ಅವರನ್ನು ನಾನು ದೂರುವುದಿಲ್ಲ. ಒಬ್ಬೊಬ್ಬರ ಮನೆಯಲ್ಲೂ ಶರಣಪ್ಪ ಉಳಿಸಿದ ಒಂದೊಂದು ಜೀವ ಇತ್ತು.

ಶರಣಪ್ಪ ತನ್ನ ಕೋಣೆಯ ಮುಂದೆ ಕುರ್ಚಿ ಹಾಕಿ ಕೂತಿದ್ದ. ಸುಜಾತ ಅವನ ಮುಂದೆಯೂ ನಿಂತಳು. ಅವನು ಯಾರೆಂದು ಅವಳಿಗೆ ತಿಳಿದಿರಲಿಲ್ಲ. ಫೋನ್ ಅವನ ಕಿವಿಯ ಹತ್ತಿರ ಹಿಡಿದಳು. ಅವನು ತನ್ನ ದನಿಯನ್ನು ಕೊನೆಯವರೆಗೆ ಕೇಳಿದ. ಕಣ್ಣು ಎತ್ತಲಿಲ್ಲ.

"ತೆಲ್ವದಮ್ಮಾ," ಅಂದ. ಗೊತ್ತಿಲ್ಲಮ್ಮಾ.

ಬಾಯಿ ಬಿಟ್ಟೊಡನೆ ಅದೇ ದನಿ ಬಂತು. ಸುಜಾತ ಹೋಗಲು ತಿರುಗಿದವಳು ನಿಂತಳು. ಅವನ ಮುಖ ನೋಡಿದಳು, ಫೋನ್ ನೋಡಿದಳು. ಅವಳಿಗೆ ಅನುಮಾನ ಬಂದಿತ್ತು, ಆದರೆ ಒಂದು ಶಬ್ದದಿಂದ ಏನು ಹೇಳಲಾಗುತ್ತದೆ? ಸಾಲಿನವರನ್ನೆಲ್ಲ ಒಮ್ಮೆ ನೋಡಿದಳು. ಎಲ್ಲರೂ ನೆಲ ನೋಡುತ್ತಿದ್ದರು.

ನಾನು ಒಲೆಯ ಮುಂದಿನಿಂದ ಎದ್ದು ಹೋದೆ. ಕೈಯೆಲ್ಲ ಹಿಟ್ಟಾಗಿತ್ತು. ಮಾತಾಡಬೇಕೆಂದು ಹೋದೆನೋ, ಅವಳನ್ನು ಕೂರಿಸಿ ನೀರು ಕೊಡಬೇಕೆಂದು ಹೋದೆನೋ, ಈಗ ಹೇಳಲಾರೆ. ಅವಳು ಇನ್ನೊಮ್ಮೆ ಕೇಳಿಸಲು ಫೋನ್ ಎತ್ತಿದಳು. ನಾನು ಬೇಡವೆಂದು ಅವಳ ಕೈ ಹಿಡಿದೆ.

"ಅದು ನನ್ನ ತಮ್ಮನ ದನಿ," ಅಂದೆ. "ಶರಣಪ್ಪ. ಇಂವನ."

ಶರಣಪ್ಪ ನಿಧಾನವಾಗಿ ಎದ್ದು ನಿಂತ. ಸಿಟ್ಟಿರಲಿಲ್ಲ ಅವನ ಮುಖದಲ್ಲಿ. ಚಿಕ್ಕವನಿದ್ದಾಗ ಬಿದ್ದು ಮೊಣಕಾಲು ಕೆತ್ತಿಸಿಕೊಂಡು ನನ್ನ ಕಡೆ ನೋಡುತ್ತಿದ್ದನಲ್ಲ, ಹಾಗೆ ನೋಡಿದ.

"ಅಕ್ಕಾ, ನಾ ನಿನಗ ಏನ್ ಕಡಿಮಿ ಮಾಡಿದ್ನಿ?"

ಏನೂ ಕಡಿಮೆ ಮಾಡಿರಲಿಲ್ಲ. ಅದನ್ನು ಹೇಳಬೇಕಿತ್ತು. ನಾನು, "ನೀ ಹೇಳು ತಮ್ಮಾ," ಅಂದೆ ಅಷ್ಟೆ. "ಈಗರೆ ಹೇಳು. ಎಲ್ಲಾರಿಗೂ ಹೇಳು."

ಸುಜಾತ ಅಳಲಿಲ್ಲ, ನನಗೆ ಉಪಕಾರವನ್ನೂ ಹೇಳಲಿಲ್ಲ. ಅವನ ಮುಖವನ್ನು ಮರೆಯದಂತೆ ನೋಡಿಕೊಂಡು ಹೆದ್ದಾರಿಯ ಕಡೆ ನಡೆದುಹೋದಳು. ಮರುದಿನ ಪೊಲೀಸರು ಬಂದರು, ಕೇಸಾಯಿತು, ಅದು ಈಗಲೂ ನಡೆದಿದೆ. ಆ ಇಬ್ಬರು ಹುಡುಗರಲ್ಲಿ ಒಬ್ಬ ಜೈಲಿನಿಂದ ಬಂದವನು ಊರಿಗೇ ಹೋಗಲಿಲ್ಲ. ನನ್ನ ರೊಟ್ಟಿಯನ್ನು ಯಾರೂ ಕೊಳ್ಳದಾದರು, ನಿಮ್ಮ ಅಪ್ಪ ಮನೆ ಬದಲಿಸಿದ. ನನಗೆ ತವರು ಎಂಬುದು ಅಲ್ಲಿಗೆ ಮುಗಿಯಿತು. ಇವೆಲ್ಲ ಆಮೇಲಿನವು. ನಿಮಗೆ ನಾನು ಹೇಳಬೇಕೆಂದಿದ್ದು ಆ ಸಂಜೆಯದು ಇನ್ನೂ ಸ್ವಲ್ಪ ಉಳಿದಿದೆ.

ಸುಜಾತ ಹೋದ ಮೇಲೆ ಸಾಲಿನವರು ಒಬ್ಬೊಬ್ಬರಾಗಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂಗಳದಲ್ಲಿ ನಾವಿಬ್ಬರೇ ನಿಂತೆವು. ಮಳೆ ಜೋರಾಯಿತು. ಶರಣಪ್ಪ ಜೇಬಿನಿಂದ ಫೋನ್ ತೆಗೆದ. ಗುಂಪನ್ನು ತೆರೆದದ್ದು ನನಗೆ ಕಾಣಿಸಿತು. ಹೆಬ್ಬೆರಳನ್ನು ಒತ್ತಿ ಹಿಡಿದು, ಫೋನನ್ನು ಬಾಯಿಯ ಹತ್ತಿರ ತಂದ. ಅವನ ತುಟಿ ಅಲುಗಿತು. ಅವನ ಗಂಟಲು ಏರಿಳಿಯುವುದನ್ನು ನೋಡುತ್ತ ನಾನು ಕಾದೆ. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು, ನೀರು ಅವನ ಕೂದಲಿನಿಂದ ಮುಖಕ್ಕೆ ಇಳಿಯುತ್ತಿತ್ತು, ಹೆಬ್ಬೆರಳು ಒತ್ತಿಯೇ ಇತ್ತು. ಆಮೇಲೆ ಅವನು ಕೈ ಕೆಳಗಿಳಿಸಿ ಬೆರಳು ತೆಗೆದ.

ಮುಚ್ಚಿದ ಬಾಗಿಲುಗಳ ಹಿಂದೆ ಫೋನುಗಳು ಒಂದಾದ ಮೇಲೊಂದು ಸದ್ದು ಮಾಡಿದವು. ಮೇಸ್ತ್ರಿಯ ಮಾತು ಬಂತೆಂದು ಎಲ್ಲರೂ ತೆರೆದು ಕೇಳಿದರು. ಪ್ರತಿ ಕೋಣೆಯಿಂದಲೂ ಬರೀ ಅವನ ಫೋನು ಹಿಡಿದಿದ್ದ ಮಳೆಯ ಸದ್ದು ಹೊರಗೆ ಬಂತು. ಅದು ಮುಗಿಯುವವರೆಗೆ ಅವನು ತಲೆ ತಗ್ಗಿಸಿ ಕೇಳುತ್ತ ನಿಂತಿದ್ದ.